ಗದ್ದಲ ಎಂದು ಬರೆದುಕೊಳ್ಳಿ

ಹೊಸ ಸಂವಿಧಾನದ ಕರಡನ್ನು ನಾಲ್ಕು ಸಲ ಟೈಪು ಮಾಡಿದವಳು ನಾನೇ. ಅದರ ನಾಲ್ಕನೆಯ ಕಲಮು ಹೀಗಿತ್ತು: 'ಸ್ವಂತದ್ದಾಗಲಿ ಬಾಡಿಗೆಯದಾಗಲಿ, ತಮ್ಮ ಹೆಸರಿಗೆ ನೋಂದಾದ ಮನೆಯಲ್ಲಿ ವಾಸಿಸುವವರು ನಾಗರಿಕರು. ಉಳಿದವರು ನಿವಾಸಿಗಳು. ನಾಗರಿಕರು ಆಳುವವರನ್ನು ಆರಿಸತಕ್ಕದ್ದು. ನಿವಾಸಿಗಳು ಆಳ್ವಿಕೆಗೆ ಒಳಪಡತಕ್ಕದ್ದು.'

ನಾಲ್ಕು ಸಲವೂ ಬೆರಳು ಓಡಿತೇ ಹೊರತು ತಲೆ ಓಡಲಿಲ್ಲ. ಮಗನ ಜ್ವರ ಇಳಿಯಿತೋ ಇಲ್ಲವೋ, ಮಗಳು ಬೀಗ ಹಾಕಿಕೊಂಡು ಶಾಲೆಗೆ ಹೋದಳೋ ಇಲ್ಲವೋ ಎಂದು ಯೋಚಿಸುತ್ತ ಟೈಪು ಮಾಡಿದ್ದೆ. ಅಲ್ಪವಿರಾಮ ತಪ್ಪಿಲ್ಲ ಎಂದು ಸಾಹೇಬರು ಹೊಗಳಿದಾಗ ಖುಷಿಯೂ ಪಟ್ಟಿದ್ದೆ.

ಆಮೇಲೆ ಕರಡಿನ ಬಗ್ಗೆ ಆಕ್ಷೇಪಗಳನ್ನು ಕೇಳುವ ಸಭೆ ಶುರುವಾಯಿತು. ಊರಿನ ಗ್ರಂಥಾಲಯದ ಓದುವ ಕೋಣೆಯಲ್ಲಿ ಹನ್ನೊಂದು ದಿನ. ನಾಗರಿಕರಿಗೆ ಬಾಗಿಲಲ್ಲೇ ಜವಾನ ಒಂದು ನಂಬರಿನ ಚೀಟಿ ಕೊಡುತ್ತಿದ್ದ. ನಂಬರು ಹೇಳಿ ಅವರು ಮಾತಾಡಬೇಕು, ನಾನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳಬೇಕು, ಕೊನೆಯ ದಿನ ಸಂಜೆ ಐದರೊಳಗೆ ಎಲ್ಲವೂ ಟೈಪಾಗಿ ರಾಜಧಾನಿಗೆ ಹೊರಡಬೇಕು. ಚೀಟಿ ಇಲ್ಲದವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದಿತ್ತು. ಅವರು ಬಾಯಿಬಿಟ್ಟರೆ ಏನು ಬರೆಯಬೇಕೆಂದು ಅಧ್ಯಕ್ಷರು ಮೊದಲ ದಿನವೇ ಹೇಳಿಕೊಟ್ಟಿದ್ದರು: 'ಗದ್ದಲ'. ಹತ್ತು ದಿನಗಳಲ್ಲಿ ಆ ಪದವನ್ನು ಹತ್ತೊಂಬತ್ತು ಸಲ ಬರೆದಿದ್ದೆ.

ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಪ್ರತಿ ವಾಕ್ಯಕ್ಕೂ ಮುಂಚೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಅವರಿಗೆ ಜವಾನ ಇಟ್ಟ ಹೆಸರು 'ಗಂಟಲಪ್ಪ'.

ಕೊನೆಯ ದಿನ ನಲವತ್ತೆರಡನೆಯ ನಾಗರಿಕನಾಗಿ ಎದ್ದವನು ಬೇಕರಿಯ ಮಾಲೀಕ. ಕರಡಿನಲ್ಲಿ ಹೇಳಿದ ಹೊಸ ಬಾವುಟದ ನೀಲಿ ಕೊಂಚ ಗಾಢವಾಯಿತು ಎನ್ನುವುದು ಅವನ ಆಕ್ಷೇಪ. "ಒಳ್ಳೆ ಸೂಕ್ಷ್ಮ!" ಎಂದು ಅಧ್ಯಕ್ಷರು ಮೆಚ್ಚಿದರು. ಅದನ್ನೂ ಬರೆದುಕೊಂಡೆ. ತಲೆಯೆತ್ತಿದರೆ ಹಿಂದಿನ ಬೆಂಚಿನಿಂದ ನನ್ನ ಅಕ್ಕ ಎದ್ದು ನಿಂತಿದ್ದಳು.

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಇಪ್ಪತ್ತಾರು ವರ್ಷಗಳಿಂದ ಬಾಯ್ಲರಿನ ಪಕ್ಕದ ಕೋಣೆಯೇ ಅವಳ ಮನೆ. ಪಾಳಿ ಮುಗಿಸಿ ನೇರ ಬಂದಿದ್ದಳು, ರವಿಕೆಯ ತೋಳು ಇನ್ನೂ ಮೇಲಕ್ಕೆ ಮಡಚಿಕೊಂಡೇ ಇತ್ತು.

"ನಂಬರು?" ಎಂದರು ಅಧ್ಯಕ್ಷರು.

"ನಂಬರಿಲ್ಲ ಸ್ವಾಮಿ. ಆ ನಂಬರಿನ ಬಗ್ಗೇನೇ ಮಾತಾಡೋಕೆ ಬಂದಿದ್ದೀನಿ."

"ನಾಲ್ಕನೇ ಕಲಮಿನ ಪ್ರಕಾರ ನಿವಾಸಿಗಳು ಆಕ್ಷೇಪ ಎತ್ತೋ ಹಾಗಿಲ್ಲಮ್ಮ."

"ನನ್ನ ಆಕ್ಷೇಪ ಇರೋದೇ ಆ ನಾಲ್ಕನೇ ಕಲಮಿನ ಮೇಲೆ. ಅದಿನ್ನೂ ಕಾನೂನಾಗಿಲ್ಲ ತಾನೆ? ಹುಟ್ಟೋಕೆ ಮುಂಚೆನೇ ನಮ್ಮ ಬಾಯಿ ಮುಚ್ಚಿಸ್ತಾ ಇದೆಯಲ್ಲ, ಹುಟ್ಟಿದ ಮೇಲೆ ಇನ್ನೇನು ಮಾಡುತ್ತೆ?"

ಜವಾನ ಬಾಗಿಲ ಕಡೆ ಮುಖ ತಿರುಗಿಸಿ ನಕ್ಕ. ಅಧ್ಯಕ್ಷರು ನನ್ನತ್ತ ನೋಡಿ ಕೆಮ್ಮಿದರು. "ಗದ್ದಲ ಅಂತ ಬರೆದ್ಕೊಳ್ಳಿ."

"ಬರಿ, ಬರಿ," ಅಂದಳು ಅಕ್ಕ ನನಗೆ. "ನಿನ್ನ ಮನೆ ಯಾರ ಹೆಸರಲ್ಲಿದೆ ಅಂತ ಒಂದು ಸಲ ನೆನಪು ಮಾಡ್ಕೊಂಡು ಬರಿ."

ನಾನು, ನನ್ನ ಇಬ್ಬರು ಮಕ್ಕಳು ಇರುವುದು ಇಲಾಖೆಯ ವಸತಿಗೃಹದಲ್ಲಿ. ಮನೆ ಇಲಾಖೆಯ ಹೆಸರಿನಲ್ಲಿದೆ. ಪೆನ್ಸಿಲು ಕಾಗದದ ಮೇಲೇ ನಿಂತುಹೋಯಿತು. ನನ್ನನ್ನು, ನನ್ನ ಮಕ್ಕಳನ್ನು ಆಳಿಸಿಕೊಳ್ಳುವವರ ಪಟ್ಟಿಗೆ ಹಾಕುವ ಸಾಲನ್ನು ನಾನೇ, ಅಲ್ಪವಿರಾಮವೂ ತಪ್ಪದಂತೆ, ನಾಲ್ಕು ಸಲ ಟೈಪು ಮಾಡಿದ್ದೆ!

ಅಕ್ಕ ಯಾರ ಅಪ್ಪಣೆಗೂ ಕಾಯಲಿಲ್ಲ. "ಈ ಊರಿನೋರು ಹುಟ್ಟೋ ಹಾಸಿಗೆ, ಸಾಯೋ ಹಾಸಿಗೆ, ಎರಡೂ ಒಗೆಯೋಳು ನಾನು. ರಕ್ತದಲ್ಲಿ ಇದು ನಾಗರಿಕರದ್ದು, ಇದು ನಿವಾಸಿದು ಅಂತ ಬೇರೆ ಬೇರೆ ಬಕೆಟ್ಟಿಗೆ ಹಾಕಿಲ್ಲ. ಮಲಗಿದ ಕಡೆನೇ ಕೆಲಸ ಇದ್ರೆ ರಾತ್ರಿ ಕರೆದ್ರೂ ಬರ್ತಾಳೆ ಅಂತ ಆ ಕೋಣೆ ಕೊಟ್ಟೋರು ನೀವು. ಈಗ ಅದೇ ಕೋಣೆ ತೋರಿಸಿ ನೀನು ಆರಿಸೋಳಲ್ಲ ಅಂತೀರಿ. ಈ ಸಾಲು ಉಳಿದ್ರೆ ನನ್ನ ಮಗಳೂ ಹೀಗೇ, ಅವಳ ಮಕ್ಕಳೂ ಹೀಗೇ. ನನ್ನ ಆಳೋರು ಯಾರು ಅಂತ ನಾನು ಹೇಳ್ಬೇಕು. ಇಷ್ಟೇ ನನ್ನ ಆಕ್ಷೇಪ."

ಅಷ್ಟನ್ನೂ ಬರೆದುಕೊಂಡೆ. ಬಕೆಟ್ಟನ್ನೂ ಬಿಡಲಿಲ್ಲ.

'ಗದ್ದಲ' ಎಂದು ಬರೆಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನನ್ನ ಪೆನ್ಸಿಲು ಓಡಿದ್ದು ಅಧ್ಯಕ್ಷರ ಕಣ್ಣಿಗೆ ಬಿತ್ತು. ಎದ್ದು ಬಂದು ನನ್ನ ಪುಸ್ತಕ ಕಿತ್ತುಕೊಂಡರು. ಅಡ್ಡ ಹಿಡಿದು ನೋಡಿದರು, ಉದ್ದ ಹಿಡಿದು ನೋಡಿದರು. ಗೀಟು, ಕೊಕ್ಕೆ, ಚುಕ್ಕೆ. ಶೀಘ್ರಲಿಪಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರೀತಿ ತಿರುಗುತ್ತದೆ. ಇಪ್ಪತ್ತು ವರ್ಷ ಅವಸರದಲ್ಲೇ ಬರೆದ ನನ್ನ ಕೈಬರಹವನ್ನು ಓದಬಲ್ಲವಳು ನಾನೊಬ್ಬಳೇ.

"ಇದರಲ್ಲಿ ಆ ಹೆಂಗಸಿನ ಮಾತು ಎಲ್ಲಿದೆ? ಹೊಡೆದುಹಾಕು."

"ನಾನು ಹೊಡೆಯಲ್ಲ ಸಾರ್. ನೀವೇ ಹುಡುಕಿ ಹೊಡೀರಿ."

"ಬೇರೆ ಟೈಪಿಸ್ಟನ್ನ ಕರೆಸ್ತೀನಿ!"

"ಕರೆಸಿ. ಬಾವುಟದ ನೀಲಿ ಎಲ್ಲಿದೆ ಅಂತ ಅವರಿಗೂ ಗೊತ್ತಾಗಲ್ಲ."

ಬೇಕರಿಯವನು ಗಾಬರಿಯಿಂದ ಎದ್ದ. "ಅಯ್ಯೋ, ನಂದು ಹೋಗ್ಬಾರ್ದು ಸ್ವಾಮಿ! ಆಯಮ್ಮನ ಕೈಲೇ ಬರೆಸಿ."

ಅಧ್ಯಕ್ಷರು ನನ್ನ ಕಿವಿಯ ಹತ್ತಿರ ಬಗ್ಗಿದರು. ಈಗ ಕೆಮ್ಮಲಿಲ್ಲ. "ನೋಡಮ್ಮ, ಮಕ್ಕಳೊಂದಿಗಳು ನೀನು. ನಿನ್ನ ಮನೆ ನಿನ್ನ ಹೆಸರಿಗೆ ಮಾಡಿಸಿಕೊಡ್ತೀನಿ, ನಾಳೆನೇ. ನಾಗರಿಕಳಾಗ್ತೀಯ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಮಕ್ಕಳಿಬ್ಬರ ಮುಖ ಕಣ್ಣ ಮುಂದೆ ಬಂತು. ಹನ್ನೊಂದು ದಿನ ಎಷ್ಟೋ ಜನ ಹಿಂದಿನ ಬೆಂಚಿನಿಂದ ಕೂಗಿ ಕೇಳಿದರೂ ಮಾಡದೆ ಇದ್ದದ್ದನ್ನು ಈತ ನನ್ನೊಬ್ಬಳ ಕಿವಿಯಲ್ಲಿ, ಒಂದು ಸಹಿಯಿಂದ, ಮಾಡಿಕೊಡುತ್ತೇನೆ ಅಂದ! ಹಾಗಾದರೆ ಇಷ್ಟು ದಿನ ಏನು ಅಡ್ಡ ಬಂದಿತ್ತು?

"ಅಕ್ಕನಿಗೆ?" ಅಂದೆ.

"ಅವಳ ವಿಷಯ ಬೇರೆ."

"ಬೇರೆ ಅಲ್ಲ ಸಾರ್. ಪುಸ್ತಕ ಕೊಡಿ, ಐದು ಗಂಟೆಗೆ ಇನ್ನು ಮೂರೇ ತಾಸಿದೆ."

ಕೊಟ್ಟರು. ಕೊಡದೆ ಏನು ಮಾಡಿಯಾರು?

ನಲವತ್ತಮೂರನೆಯ ಆಕ್ಷೇಪವೆಂದು ಅಕ್ಕನ ಮಾತನ್ನು, ಬಾವುಟದ ನೀಲಿ ಇದ್ದ ಹಾಳೆಯಲ್ಲೇ, ಅವಳಾಡಿದಂತೆಯೇ ಟೈಪು ಮಾಡಿದೆ. ಉಳಿದ ಹತ್ತೊಂಬತ್ತು ಕಡೆ ಏನು ಮಾಡಲಿ? ಯಾರು ಏನಂದರು ಎನ್ನುವುದನ್ನು ನಾನು ಬರೆದುಕೊಂಡೇ ಇರಲಿಲ್ಲ. ಅಲ್ಲೆಲ್ಲ 'ಗದ್ದಲ' ಹಾಗೆಯೇ ಉಳಿಯಿತು. ಆ ಪಾಪ ನನ್ನದು, ಅಧ್ಯಕ್ಷರ ತಲೆಗೆ ಕಟ್ಟಲಾರೆ.

ಮತ್ತೆ ಟೈಪು ಮಾಡಿಸಲು ಹೊತ್ತಿರಲಿಲ್ಲ. ಅಧ್ಯಕ್ಷರು ಓದಿ, ಹಲ್ಲು ಕಚ್ಚಿ, ಸಹಿ ಹಾಕಿದರು. ಕಟ್ಟು ಐದಕ್ಕೆ ಐದು ನಿಮಿಷವಿರುವಾಗ ಹೊರಟಿತು. ಮರುವಾರ ವಸತಿಗೃಹ ಖಾಲಿಮಾಡುವಂತೆ ನನಗೆ ಕಾಗದ ಬಂತು.

"ಬಾಯ್ಲರ್ ಪಕ್ಕ ಸೆಖೆ ಜಾಸ್ತಿ ಕಣೇ," ಎಂದಳು ಅಕ್ಕ, ನನ್ನ ಮಗಳ ಹಾಸಿಗೆ ಸುರುಳಿಯನ್ನು ಹೆಗಲಿಗೇರಿಸಿಕೊಂಡು. "ನೀನು ಕಿಟಕಿ ಕಡೆ ಮಲಕ್ಕೋ. ರಾಜಧಾನಿಯಿಂದ ಉತ್ತರ ಬಂದ್ರೆ ನಂಗೇ ಮೊದಲು ಓದಿ ಹೇಳ್ಬೇಕು."