ಬಿಸಿಯಾದ ತಂತಿ

ಶವಪೆಟ್ಟಿಗೆಯ ಮುಚ್ಚಳದ ಒಂದು ಮೂಲೆ ಕೂರುತ್ತಲೇ ಇರಲಿಲ್ಲ. ನೆರೆಮನೆಯ ತೋಮಾಸಾ ಅಂಗೈಯಿಂದ ಒತ್ತಿದರೆ ಆಚೆ ಮೂಲೆ ಎದ್ದುಕೊಳ್ಳುತ್ತಿತ್ತು.

"ತೆಳು ಹಲಗೆಗೆ ಬೂದು ಬಟ್ಟೆ ಅಂಟಿಸಿ ಕೊಟ್ಟಿದಾರೆ. ಎವೆಲಿಯೊ ನೋಡಿದ್ರೆ ವಾಪಸ್ ಕಳಿಸ್ತಿದ್ದ," ಎಂದಳು.

"ಮೊಳೆ ಕೊಡ್ಲಿಲ್ವಾ?" ಮಿಗ್ದಾಲಿಯ ಕೇಳಿದಳು.

"ಪೆಟ್ರೋಲ್ ಜೊತೆ ಬರುತ್ತಂತೆ."

ಪೆಟ್ರೋಲ್ ಬಂದಿರಲಿಲ್ಲ. ಹೆಣ ಒಯ್ಯುವ ಕಾರು ಪಕ್ಕದ ಊರಲ್ಲೇ ನಿಂತಿತ್ತು. ನಿನ್ನೆಯಿಂದ ಕರೆಂಟಿಲ್ಲ, ಐಸ್ ಇಲ್ಲ. ಬಿಸಿಲೇರಿದರೆ ಪೆಟ್ಟಿಗೆಯೊಳಗಿನ ಗಂಡ ಎವೆಲಿಯೊ ಕಾಯುವುದಿಲ್ಲ, ಸ್ಮಶಾನವೋ ಗುಡ್ಡದ ತುದಿಯಲ್ಲಿ. ಬೀದಿಯಲ್ಲಿ ಪೆಟ್ಟಿಗೆ ಹಿಡಿಸುವ ಗಾಡಿ ಒಂದೇ, ಎದುರು ಮನೆಯ ರಿಗೊನ ಬ್ಯಾಟರಿ ತ್ರಿಚಕ್ರ. ಮಿಗ್ದಾಲಿಯಳ ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟಾಗ ಮಗುವನ್ನು ಎತ್ತಿ ಹಿಡಿದವನು ರಿಗೊ. ಅಂದಿನಿಂದ ಅವನೂ ಎವೆಲಿಯೊನೂ ಒಬ್ಬರಿಗೊಬ್ಬರು ಕೊಂಪಾದ್ರೆ, ಒಡಹುಟ್ಟಿದವರಿಗಿಂತ ಹೆಚ್ಚು. ಆದರೆ ಎರಡು ವರ್ಷದಿಂದ ಅವನು ಈ ಹೊಸಿಲು ತುಳಿದಿರಲಿಲ್ಲ.

ತೂಗುಕುರ್ಚಿಯಲ್ಲಿ ಕೂತಿದ್ದ ಮುದುಕನೊಬ್ಬ ಕಾಫಿ ಮುಗಿಸಿ ಕೆಮ್ಮಿದ. "ಬಂಗಾರದಂಥ ಕೈ ಎವೆಲಿಯೊದು. ಅಂದ ಹಾಗೆ, ಅವನ ಮೇಜಿನ ಕೆಳಗೆ ನನ್ನದೊಂದು ಬ್ಯಾಟರಿ ಇದೆ, ನೀಲಿದು. ಈಗಲೇ ಬೇಕು ಅಂತಲ್ಲ."

"ಪೆಟ್ಟಿಗೆ ಒಳಗೆ ನೋಡ್ತೀನಿ ಇರು ತಾತ," ಎಂದಳು ತೋಮಾಸಾ. "ದಾರಿಗೆ ಬೇಕಾಗುತ್ತೆ ಅಂತ ಜೊತೇಲಿ ಇಟ್ಕೊಂಡಿದಾನೋ ಏನೋ."

ಮಿಗ್ದಾಲಿಯ ಎದ್ದು ಬೀದಿ ದಾಟಿದಳು.

*

ಕರೆಂಟು ದಿನಕ್ಕೊಮ್ಮೆ ಮುಖ ತೋರಿಸಿ ಹೋಗುವ ಊರಲ್ಲಿ ಎಲ್ಲರ ಜೀವವೂ ಬ್ಯಾಟರಿಯಲ್ಲಿ. ಹಳೆಯದನ್ನು ಹೊಸದೆಂದು ಮಾರುವವರೂ ಹೆಚ್ಚಾದರು. ಆಗ ಎವೆಲಿಯೊ ಆ ಯಂತ್ರ ಮಾಡಿದ. ಬ್ಯಾಟರಿಯಿಂದ ಬೇಕಾದಷ್ಟೇ ಕರೆಂಟನ್ನು ಒಂದೇ ಸಮನೆ ಹೀರುವ ಯಂತ್ರ. ಗುಬುಟು ತಿರುಗಿಸಿದರೆ ಹೆಚ್ಚು, ಕಡಿಮೆ. ಎಷ್ಟು ಹೊತ್ತು ಹೀರಿಸಿಕೊಳ್ಳುತ್ತದೋ ಅಷ್ಟು ಆ ಬ್ಯಾಟರಿಯ ಆಯುಷ್ಯ.

ಟ್ರಾನ್ಸಿಸ್ಟರು ರಷ್ಯದ ಹಳೆಯ ಟಿವಿಯದು. ಅದರ ಬಿಸಿ ಇಳಿಸಲು ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಅಲ್ಯೂಮಿನಿಯಂ ತುಂಡು. ಮೊದಲ ವಾರ ಮೀಟರಿನ ಮುಳ್ಳು ಹುಚ್ಚು ಹಿಡಿದಂತೆ ನಡುಗುತ್ತಿತ್ತು; ಎಲ್ಲಿಂದಲೋ ಒಂದು ಸಣ್ಣ ಕೆಪಾಸಿಟರು ತಂದು ಬೆಸೆದ ಮೇಲೆ ನಿಂತಿತು. ಹರಿಯುವ ಕರೆಂಟನ್ನು ಅಳೆಯಲು ಒಂದು ದಪ್ಪ ರೆಸಿಸ್ಟರು ಬೇಕಿತ್ತು. ಅದು ದ್ವೀಪದಲ್ಲೇ ಸಿಗಲಿಲ್ಲ. ಎವೆಲಿಯೊ ಹಂದಿಗೂಡಿನ ಬೇಲಿಯಿಂದ ಎರಡು ಮೀಟರ್ ಕಬ್ಬಿಣದ ತಂತಿ ಕತ್ತರಿಸಿ, ರಮ್ಮಿನ ಬಾಟಲಿಗೆ ಸುತ್ತಿ ಸುರುಳಿ ಮಾಡಿ ಹಾಕಿದ.

"ಇನ್ನು ಯಾವ ಬ್ಯಾಟರಿಯೂ ನನ್ನ ಹತ್ರ ಸುಳ್ಳು ಹೇಳೋ ಹಾಗಿಲ್ಲ," ಎಂದು ಹೆಂಡತಿಗೆ ತೋರಿಸಿದ.

ರಿಗೊನ ತಾಯಿ ಫೇಲಾಳಿಗೆ ಉಸಿರಾಡಲು ಆಮ್ಲಜನಕದ ಯಂತ್ರ ಬೇಕಿತ್ತು. ರಿಗೊ ಅದಕ್ಕೊಂದು ಬ್ಯಾಟರಿ ತಂದ. ಎವೆಲಿಯೊ ಅದನ್ನು ತನ್ನ ಯಂತ್ರಕ್ಕೆ ಹಚ್ಚಿ ನೋಡಿ, "ಸಂಜೆವರೆಗೂ ಬರುತ್ತೆ ಕೊಂಪಾದ್ರೆ. ನೀನು ಬಾಡಿಗೆಗೆ ಹೋಗು," ಎಂದ. ರಿಗೊ ಬಾಳೆಗೊನೆ ಹೇರಿಕೊಂಡು ಹೋದ. ಮರಳಿದಾಗ ಬಿಸಿಲು ಇನ್ನೂ ಅಂಗಳದಲ್ಲೇ ಇತ್ತು. ಯಂತ್ರ ಸುಮ್ಮನಾಗಿತ್ತು, ಫೇಲಾಳೂ.

ಒಳ್ಳೆಯ ಬ್ಯಾಟರಿ ಇಟ್ಟುಕೊಂಡು ಸತ್ತದ್ದನ್ನು ಕೊಟ್ಟ ಕಳ್ಳ ಎಂದು ರಿಗೊ ನಡುಬೀದಿಯಲ್ಲಿ ಕೂಗಿದ.

*

ರಿಗೊ ಜಗುಲಿಯಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ.

"ಗಾಡಿ ಬೇಕಾಗಿತ್ತು ರಿಗೊ."

"ಗೊತ್ತು. ಬೆಳಗ್ಗೆನೇ ಚಕ್ರಕ್ಕೆ ಗಾಳಿ ಹಾಕಿಟ್ಟಿದೀನಿ." ಒಂದು ತೆನೆ ಮುಗಿಸಿ ಪಕ್ಕಕ್ಕೆ ಹಾಕಿದ. "ಒಂದೇ ಒಂದು ಮಾತು ಹೇಳು. ನನ್ನ ಬ್ಯಾಟರಿ ಕದ್ದ ಅಂತ ನಿನ್ನ ಬಾಯಲ್ಲಿ ಹೇಳು, ಸಾಕು. ಗುಡ್ಡಕ್ಕೆ ತಗೊಂಡು ಹೋಗ್ತೀನಿ."

ಹೌದು ಎಂದರೆ ಮುಗಿಯುತ್ತಿತ್ತು. ಮಿಗ್ದಾಲಿಯ ಎದುರಿನ ತನ್ನ ಬಾಗಿಲು ನೋಡಿದಳು. ತೋಮಾಸಾ ರಟ್ಟು ಹಿಡಿದು ಪೆಟ್ಟಿಗೆಗೆ ಗಾಳಿ ಬೀಸುತ್ತಿದ್ದಳು.

"ಅವನು ಕದೀಲಿಲ್ಲ," ಎಂದಳು. "ಯಂತ್ರ ತಪ್ಪು ಹೇಳ್ತು."

*

ಫೇಲಾಳನ್ನು ಮಣ್ಣು ಮಾಡಿದ ವಾರದಲ್ಲೇ ಎವೆಲಿಯೊ ಕಾರ್ಖಾನೆಯ ಹಳೆಯ ಮೀಟರೊಂದನ್ನು ತಂದು ಯಂತ್ರಕ್ಕೆ ಬೇರೆಯಾಗಿ ಜೋಡಿಸಿದ್ದ. ಯಂತ್ರ ಐದು ಆಂಪಿಯರ್ ಎನ್ನುತ್ತಲೇ ಇತ್ತು. ಹಳೆಯ ಮೀಟರಿನ ಮುಳ್ಳು ಮೆಲ್ಲಗೆ ಇಳಿದು ಮೂರಕ್ಕೆ ಬಂತು. ತಂತಿ ಮುಟ್ಟಿ ಬೆರಳು ಸುಟ್ಟುಕೊಂಡ. ಬಗ್ಗಿ ತಂತಿಯ ಮೇಲೆ ಊದಿದ. ಮುಳ್ಳು ಮೇಲೆ ಬಂತು. ಊದುವುದು ನಿಲ್ಲಿಸಿದ. ಇಳಿಯಿತು.

"ಕಾದ ಹಾಗೆ ಕಬ್ಬಿಣ ಕರೆಂಟನ್ನು ತಡೆಯುತ್ತೆ," ಎಂದ ಗೋಡೆ ನೋಡುತ್ತ. "ಹೀರಿದ್ದು ಕಡಿಮೆ, ತೋರಿಸಿದ್ದು ಜಾಸ್ತಿ. ಅದಕ್ಕೇ ಸಾಯೋ ಬ್ಯಾಟರಿಗೂ ಆಯುಷ್ಯ ಬಂತು."

"ಹೋಗಿ ಹೇಳು ಅವನಿಗೆ."

"ಹೇಳಿದ್ರೆ ಊರೆಲ್ಲ ಬ್ಯಾಟರಿ ಹೊತ್ಕೊಂಡು ಬಾಗಿಲಿಗೆ ಬರುತ್ತೆ. ಆಮೇಲೆ ತಿನ್ನೋದೇನು? ಕಳ್ಳ ಅಂತ ಒಬ್ಬನೇ ಅಂತಿದಾನೆ. ಅನ್ಲಿ."

ಬೇರೆ ತಂತಿ ಹುಡುಕಿ ಹಾಕಿದ. ಹಳೆಯದನ್ನು ಮೇಜಿನ ಮೇಲಿನ ಮೊಳೆಗೆ ನೇತುಹಾಕಿದ. ಎರಡು ವರ್ಷ ಆ ಸಂಪಾದನೆಯ ಅನ್ನವನ್ನೇ ಮಿಗ್ದಾಲಿಯ ಉಂಡಳು.

*

ಮಿಗ್ದಾಲಿಯ ತಂತಿಯ ವಿಷಯವನ್ನೆಲ್ಲ ಹೇಳಿ ಮುಗಿಸಿದಾಗ ರಿಗೊ ಕೈಯ ತೆನೆ ಕೆಳಗಿಟ್ಟ.

"ಕಳ್ಳನೇ ಆಗಿದ್ರೆ ಚೆನ್ನಾಗಿತ್ತು," ಎಂದ. "ಕಳ್ಳನಿಗೆ ಹಸಿವಾದ್ರೂ ಇರುತ್ತೆ. ಅವ್ವನ್ನ ಬಿಟ್ಟು ಬಾಡಿಗೆಗೆ ಯಾಕೆ ಹೋದೆ ಅಂತ ನಾನು ದಿನಾ ಸಾಯ್ತಿದ್ದೆ. ಇವನು ಎದುರು ಮನೇಲಿ ಕೂತು ನೋಡ್ತಿದ್ದ."

"ನಾನೂ ನೋಡ್ತಿದ್ದೆ."

"ಹೂಂ. ನೀನೂ." ಅವನು ಮಡಿಲಿನ ಕಾಳು ಕೊಡವಿ ಎದ್ದ. "ಆ ತಂತಿ ಇದೆಯಾ?"

"ಇದೆ."

"ತಗೊಂಡು ಬಾ."

ಅವಳು ಹೋಗಿ ಮೊಳೆಯಿಂದ ಬಿಚ್ಚಿ ತಂದಳು. ತಂತಿಯನ್ನು ಅವನು ಅಂಗೈಯಲ್ಲಿ ತೂಗಿ ನೋಡಿ ಜೇಬಿಗೆ ತುರುಕಿಕೊಂಡ. ನಾಲ್ವರು ಪೆಟ್ಟಿಗೆಯನ್ನು ಗಾಡಿಗೇರಿಸಿದರು. ರಿಗೊ ಹೆಗಲು ಕೊಡಲಿಲ್ಲ. ಚಾಲಕನ ಸೀಟಿನಲ್ಲಿ ಬೆನ್ನು ಮಾಡಿ ಕೂತಿದ್ದ.

ಗುಡ್ಡದ ಏರಿನಲ್ಲಿ ಜನ ಹಿಂದೆ ನಡೆದರು. ಗಾಡಿ ಒಂದು ಹೊಂಡಕ್ಕಿಳಿದು ಎದ್ದಾಗ ಮುಚ್ಚಳ ಸರಿಯಿತು. ಎವೆಲಿಯೊನ ಇಸ್ತ್ರಿ ಮಾಡಿದ ಅಂಗಿಯ ತೋಳು ಹೊರಗೆ ಕಂಡಿತು. ಮಿಗ್ದಾಲಿಯ ಓಡಿ ಬಂದು ಎರಡು ಕೈಯಲ್ಲೂ ಅದುಮಿ ಹಿಡಿದಳು.

ರಿಗೊ ಇಳಿದ. ಸೀಟಿನ ಕೆಳಗಿಂದ ಇಕ್ಕಳ ತೆಗೆದ. ತಂತಿಯ ಸುರುಳಿ ಬಿಡಿಸಿ ನೆಟ್ಟಗೆ ಮಾಡಿ, ಪೆಟ್ಟಿಗೆಯ ಕೆಳಗೆ ತೂರಿಸಿ ಮೇಲಕ್ಕೆಳೆದ. ಅಳತೆ ಮಾಡಿ ಕತ್ತರಿಸಿದಂತೆ ಎರಡು ತುದಿಗಳೂ ಮುಚ್ಚಳದ ಮೇಲೆ ಸೇರಿದವು.

"ಸಾಕಾಗುತ್ತೆ," ಎಂದ ಯಾರಿಗೂ ಅಲ್ಲದೆ.

ತಿರುಚತೊಡಗಿದ. ಬಿಸಿಲಿಗೆ ತಂತಿ ಆಗಲೇ ಕಾದಿತ್ತು. ಬೆರಳು ಚುರುಕ್ಕೆಂದಾಗ ಬಾಯಿಗೆ ಹಿಡಿದು ಊದಿಕೊಂಡ. ಮತ್ತೆ ಇಕ್ಕಳ ಹಾಕಿದ. ಮುಚ್ಚಳ ಕೂತಿತು, ಬಿಗಿಯಾಯಿತು. "ಸಾಕು ರಿಗೊ," ಎಂದಳು ಮಿಗ್ದಾಲಿಯ. ಅವನು ಇನ್ನೊಂದು ಸುತ್ತು ತಿರುಗಿಸಿದ. ಬೂದು ಬಟ್ಟೆ ಹರಿದು, ತಂತಿ ತೆಳು ಹಲಗೆಯೊಳಕ್ಕೆ ಇಳಿಯುತ್ತಿತ್ತು.