ವಿಶಾಲಮ್ಮ ಪಿಕಪ್ ಹತ್ತಿದ್ದು

ಗಾಡಿ ಮನೆ ಮುಂದೆ ಇದ್ದರೇನು, ಹತ್ತಲು ಕಾಲು ಬರಬೇಕಲ್ಲ? ಭದ್ರಾವತಿಯ ಕಾಗದನಗರದ ವಿಶಾಲಮ್ಮನಿಗೆ ಮಂಡಿನೋವು. ಗಂಡ ಹೂವಪ್ಪನ ಪಿಕಪ್ಪು ಎತ್ತರ, ಬಸ್ಸಿನ ಮೆಟ್ಟಿಲೂ ಎತ್ತರ. ಶಿವಮೊಗ್ಗದ ರವೀಂದ್ರನಗರದಲ್ಲಿ ಅಕ್ಕ ಶಾಂತಮ್ಮ ಬಿದ್ದು ಸೊಂಟ ಮುರಿದುಕೊಂಡು ಎರಡು ತಿಂಗಳಿಂದ ಮಲಗಿದ್ದಳು. ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ವಿಶಾಲಮ್ಮ ಗಾಡಿಯ ಮುಂದಿನ ಸೀಟಿನಲ್ಲಿರುತ್ತಿದ್ದಳು. ಹೊಳೆ ನಿಧಾನವಾಗಿ ಹಿಂದೆ ಸರಿಯುತ್ತಿತ್ತು, ಗಾಳಿ ಸೆರಗು ಎಳೆಯುತ್ತಿತ್ತು. ಅಕ್ಕ "ಬಂದ್ಯಾ?" ಎನ್ನುವಷ್ಟರಲ್ಲಿ ಎಚ್ಚರವಾಗಿಬಿಡುತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ಹೂವಪ್ಪ ಪಿಕಪ್ಪಿನ ಬಾಗಿಲ ಕೆಳಗೆ ಸೈಡ್ ಸ್ಟೆಪ್, ಅಂದರೆ ಹತ್ತಲು ಒಂದು ಮೆಟ್ಟಿಲು, ಕೂರಿಸಿದ. ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಮುಗಿಸುವಷ್ಟರಲ್ಲಿ ಪೂಜೆಗೆ ಹೊತ್ತಾಯಿತು. ಸ್ಪ್ಯಾನರುಗಳಿಗೆ ಅರಿಶಿನ ಕುಂಕುಮ ಬಿತ್ತು. ಇನ್ನು ನಾಳೆಯವರೆಗೆ ಅವನ್ನು ಮುಟ್ಟುವಂತಿಲ್ಲ.

"ಹತ್ತು ಮಾರಾಯ್ತಿ, ಅಕ್ಕನ್ನ ನೋಡ್ಕೊಂಡ್ ಬರೋಣ," ಎಂದ.

ವಿಶಾಲಮ್ಮ ಕಾಲೆತ್ತುವುದಕ್ಕೂ ಪಕ್ಕದ ಮನೆಯ ಅಕ್ಷಯಾ ಓಡಿಬರುವುದಕ್ಕೂ ಸರಿಹೋಯಿತು. ಐಟಿಐ ಓದಿ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗಿ ಅವಳು.

"ತಡೀರಿ ಆಂಟಿ! ಅಂಕಲ್, ಸ್ಪ್ಯಾನರ್ ಹಾಕಿ ಟೈಟ್ ಮಾಡಿದ್ರಾ?"

"ಪೂಜೆಗಿಟ್ಟಿದ್ದು ಮುಟ್ಟೋದುಂಟಾ? ಕೈಯಲ್ಲೇ ಗಟ್ಟಿ ತಿರುಗಿಸಿದೀನಿ, ನೋಡು!"

ಹೂವಪ್ಪ ಜಂಬದಿಂದ ತಾನೇ ಹತ್ತಿದ. ಮೆಟ್ಟಿಲ ಒಂದು ತುದಿ ಸರಕ್ಕನೆ ವಾಲಿತು. ಆತುರಗಾರನಿಗೆ ಬುದ್ಧಿ ಮಟ್ಟ. ಅವನು ಅಂಗಳದಲ್ಲಿ ಕೂತಿದ್ದ, ಮೊಣಕಾಲು ತರಚಿತ್ತು.

ವಿಶಾಲಮ್ಮ ಅವನಿಗೆ ಏಳಲು ಕೈ ಕೊಟ್ಟಳು. "ನಾನಾಗಿದ್ರೆ ಅಕ್ಕನ ಪಕ್ಕದಲ್ಲೇ ಮಲಗ್ತಿದ್ನಲ್ರೀ!"

"ಬೋಲ್ಟು ತಗಡಿಗಲ್ಲ ಅಂಕಲ್, ಗಾಡಿ ಅಡೀಲಿರೋ ಗಟ್ಟಿ ಚಾಸಿಗೇ ಹಾಕ್ಬೇಕು," ಎಂದಳು ಅಕ್ಷಯಾ. "ವಾಷರ್ ಇಟ್ಟು ಸ್ಪ್ಯಾನರಲ್ಲಿ ಬಿಗೀಬೇಕು. ವಾರ ಓಡಿಸಿದ್ಮೇಲೆ ಇನ್ನೊಂದ್ಸಲ ಬಿಗೀಬೇಕು. ಗಾಡಿ ಅದುರಿ ಅದುರಿ ಸಡಿಲ ಆಗುತ್ತೆ."

ಹೂವಪ್ಪ ತಲೆ ತಗ್ಗಿಸಿದ. "ಹಾಗಾದ್ರೆ ಈಗ್ಲೇ ಸ್ಪ್ಯಾನರ್ ತೆಗೀಲಾ?"

ವಿಶಾಲಮ್ಮನ ಕಣ್ಣು ತುಂಬಿತ್ತು. ಆದರೂ "ಬೇಡ, ಪೂಜೆಗಿಟ್ಟಿದ್ದು ನಾಳೇನೇ ತೆಗೀರಿ," ಎಂದು ಅಕ್ಕನಿಗೆ ಫೋನು ಮಾಡಿದಳು. "ನಾಳೆ ಬರ್ತೀನಿ ಅಕ್ಕಾ. ಇಷ್ಟು ದಿನ ಕಾದಿದೀವಿ, ಒಂದು ದಿನ ಕಾಯಕ್ಕಾಗಲ್ವಾ?"

ಮರುದಿನ ಹೂವಪ್ಪ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಅಕ್ಷಯಾ ಹೇಳಿದಂತೆ ಬಿಗಿದ. ಆಸರೆ ಹಿಡಿದು ತಾನೇ ಮೊದಲು ನಿಂತು ನೋಡಿದ. ಆಮೇಲೆ ವಿಶಾಲಮ್ಮ ಹತ್ತಿದಳು. ರವೀಂದ್ರನಗರದಲ್ಲಿ ಅಕ್ಕನ ಹಾಸಿಗೆಯಂಚಿಗೆ ಕೂತು, ಅವಳ ಜಡೆ ಬಿಚ್ಚಿ ನಿಧಾನವಾಗಿ ಬಾಚಿದಳು. ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿಯುವವರೆಗೆ ಇಬ್ಬರೂ ಹಾಗೇ ಇದ್ದರು.

ಬಂಧುಗಳೇ, ನಿಮ್ಮ ಗಾಡಿಗೂ ಮೆಟ್ಟಿಲು ಹಾಕಿ. ಪೂರ್ತಿ ಬಿಗಿಯದೆ ಯಾರನ್ನೂ ಹತ್ತಿಸಬೇಡಿ. ಅನುಮಾನ ಬಂದರೆ ಗ್ಯಾರೇಜಿನವರಿಗೆ ತೋರಿಸಿ. ಮಂಡಿ ನೀವಿಕೊಳ್ಳುತ್ತಾ ಸುಮ್ಮನೆ ಕೂತವರು ನಿಮ್ಮ ಮನೆಯಲ್ಲೂ ಇರಬಹುದು. ಅವರಿಗೆ ಎಲ್ಲಿಗೆ ಹೋಗುವ ಆಸೆಯಿದೆ ಎಂದು ಇವತ್ತೇ ಕೇಳಿ.