ಪಾರ್ಲಿಮೆಂಟಿನಲ್ಲಿ ಎತ್ತಿದ ಹುಡುಗ

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಗ ನಾನು ಆ ಜಾಗದಿಂದ ಎದ್ದು ಹೋಗುತ್ತೇನೆ. ಮೈಸೂರು ಪೇಟ, ಜರಿಯ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಥೂ! ನೈರೋಬಿಯ ನಮ್ಮ ಕನ್ನಡ ಬಳಗದ ಕಾರ್ಯದರ್ಶಿಯಾಗಿ ಇವನ್ನೆಲ್ಲ ಬೆಂಗಳೂರಿನಿಂದ ತರಿಸಿ, ರಿವರ್‌ಸೈಡಿನ ನಮ್ಮ ಫ್ಲ್ಯಾಟಿನ ಬೀರುವಿನಲ್ಲಿಟ್ಟು ಕಾಯುತ್ತಿದ್ದವಳು ನಾನೇ. ನಮ್ಮವರಿಗೆ ಯಾರಾದರೂ ಬಂದರೆಂದರೆ ಹೊದಿಸುವ ಚಪಲ. ಸಿನಿಮಾದವರು ಬಂದರೂ ಹೊದಿಸು, ಸ್ವಾಮಿಗಳು ಬಂದರೂ ಹೊದಿಸು. ಬಂದವರು ಏನು ಮಾಡಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ಈ ಸಲ ಬಂದದ್ದು ಎಂ.ಪಿ. ತಿಮ್ಮರಾಜು. ನಮ್ಮ ಕಡೆಯ ಒಂದು ಹಳ್ಳಿಗಾಡು ಕ್ಷೇತ್ರದವರು. ಹಾಲು ಸಹಕಾರ ಸಂಘಗಳ ಅಧ್ಯಯನಕ್ಕೆಂದು ಬಂದ ನಿಯೋಗದಲ್ಲಿದ್ದರು. ಅಧ್ಯಯನ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು, ಮಿಕ್ಕ ದಿನಗಳೆಲ್ಲ ಮಸಾಯಿ ಮಾರಾದ ಸಿಂಹಗಳಿಗೆ. ನಡುವೆ ಒಂದು ಭಾನುವಾರದ ಮಧ್ಯಾಹ್ನ ನಮಗೆ ಸಿಕ್ಕಿತು.

ಅವರು ಬರುತ್ತಾರೆಂದು ತಿಳಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನು. ಕಾರಣ ಉಮಾಶಂಕರ.

ಉಮಾಶಂಕರ ಇಂಡಸ್ಟ್ರಿಯಲ್ ಏರಿಯಾದ ಒಂದು ಕಬ್ಬಿಣದ ಕಂಬಿ ಮಿಲ್ಲಿನಲ್ಲಿ ಕುಲುಮೆಯ ಕೆಲಸ ಮಾಡುವವನು, ತಿಮ್ಮರಾಜು ಅವರ ಕ್ಷೇತ್ರದವನೇ. ಒಂದು ಶನಿವಾರ ದೇವಸ್ಥಾನದಲ್ಲಿ ನಾನು ಪ್ರಸಾದ ಬಡಿಸುವಾಗ, "ಇನ್ನೊಂಚೂರು ಹಾಕಿ ಅಕ್ಕ" ಎಂದು ಅಪ್ಪಟ ಹಳ್ಳಿ ಕನ್ನಡದಲ್ಲಿ ಕೇಳಿದ. ಅಂದಿನಿಂದ ಪರಿಚಯ. ಅವನ ಕರಾರು ಮುಗಿದು ಒಂದು ವರ್ಷದ ಮೇಲಾಗಿತ್ತು. ಊರಿಗೆ ಹೋಗಲು ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟು ಮ್ಯಾನೇಜರ ಲಾಕರಿನಲ್ಲಿ. ಕೇಳಿದಾಗಲೆಲ್ಲ ಒಂದೇ ಉತ್ತರ: ಬದಲಿ ಆಳು ಬರಲಿ, ಆಮೇಲೆ ನೋಡೋಣ. ಬದಲಿ ಆಳು ಬರಲೇ ಇಲ್ಲ. ಯಾಕೆ ಬರುತ್ತಾನೆ? ಇವನು ಇದ್ದಾನಲ್ಲ.

ಆ ಮ್ಯಾನೇಜರು ಯಾರು ಗೊತ್ತೇ? ಧನಂಜಯ. ನಮ್ಮ ಬಳಗದ ಅಧ್ಯಕ್ಷ! ಬಸವನಗುಡಿಯವರು, ದಾಸರ ಪದ ಸೊಗಸಾಗಿ ಹಾಡುತ್ತಾರೆ, ಯಾರಿಗೆ ಜ್ವರ ಬಂದರೂ ಸಾರು ಅನ್ನ ಕಳಿಸುತ್ತಾರೆ. ಒಂದು ಸಲ ನಾನು ಈ ವಿಷಯ ತೆಗೆದಾಗ, "ಮೈಥಿಲಿ, ದಟ್ಸ್ ಫಾರ್ ದೇರ್ ಓನ್ ಸೇಫ್ಟಿ. ಇವ್ರು ಕಳ್ಕೊಂಡ್ಬಿಡ್ತಾರೆ" ಅಂದರು. ಎಳೆಮಕ್ಕಳ ಕೈಯಿಂದ ಕತ್ತರಿ ತೆಗೆದಿಟ್ಟವರಂತೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಪೊಲೀಸ್‌ಗೆ ಹೇಳೋಣ ಕಣೋ" ಅಂದರೆ ಉಮಾಶಂಕರ ಬೆಚ್ಚಿಬೀಳುತ್ತಿದ್ದ. "ಬ್ಯಾಡಿ ಅಕ್ಕ. ಪರ್ಮಿಟ್ಟೂ ಅವ್ರ ಕೈಲೇ ಐತೆ. ಕೈಯಾಗೊಂದು ಕಾಗ್ದ ಇಲ್ದೋನ್ನ ಮೊದ್ಲು ಒಳಗಾಕ್ತಾರೆ."

ಊರಿನಲ್ಲಿ ಅವನ ಹೆಂಡತಿ ಹೇಮಾವತಿ ಅಣ್ಣನ ಮನೆಯಲ್ಲಿ ಇದ್ದಳು, ಅವನು ಇನ್ನೂ ಕಣ್ಣಾರೆ ಕಾಣದ ಮಗುವಿನ ಜೊತೆ. ಆ ಅಣ್ಣನದು ಕೆಟ್ಟ ಬಾಯಿ. "ಕರಾರು ಮುಗ್ದ್ ಮೇಲೂ ಬರ್ಲಿಲ್ಲ ಅಂದ್ರೆ ಅಲ್ಲೇ ಯಾರನ್ನೋ ಇಟ್ಕೊಂಡವ್ನೆ" ಎಂದು ದಿನಾ ಕುಟುಕುತ್ತಿದ್ದ. ಊರಿಗೆ ಊರೇ ಹಾಗೆ ಆಡಿಕೊಳ್ಳಲು ಶುರುಮಾಡಿತು. ಹೇಮಾವತಿ ಮಾತ್ರ ಗಂಡನ ಮಾತು ನಂಬಿದಳು. ನಂಬಿ, ಮಗುವನ್ನು ಎತ್ತಿಕೊಂಡು ಎಂ.ಪಿ. ಮನೆ ಬಾಗಿಲಲ್ಲಿ ಬಿಸಿಲಲ್ಲಿ ಕೂತಳು, ಎಷ್ಟೋ ಸಲ.

ಕೊನೆಗೆ ತಿಮ್ಮರಾಜು ದೆಹಲಿಯಲ್ಲಿ ಎದ್ದು ನಿಂತು ಮಾತಾಡಿದರು. ಲೋಕಸಭೆಯಲ್ಲಿ, ಕನ್ನಡದಲ್ಲಿ! "ಮಾನ್ಯ ಅಧ್ಯಕ್ಷರೇ, ನನ್ನ ಕ್ಷೇತ್ರದ ಒಬ್ಬ ಬಡ ಯುವಕ ಆಫ್ರಿಕಾದಲ್ಲಿ ಒತ್ತೆಯಾಳಾಗಿದ್ದಾನೆ. ಆ ಹೆಣ್ಣುಮಗಳ ಕಣ್ಣೀರು ನೋಡಿ ನನಗೆ ಊಟ ಸೇರಲಿಲ್ಲ." ಆ ವಿಡಿಯೊ ಎಲ್ಲರ ಫೋನಿಗೂ ಬಂತು. ಸುಳ್ಳು ಯಾಕೆ ಹೇಳಲಿ, ನಾನೂ ಅತ್ತೆ. ಹೇಮಾವತಿ ಅದನ್ನು ಅಣ್ಣನ ಮೂಗಿನ ಕೆಳಗೆ ಹಿಡಿದು, "ನೋಡು, ಪಾರ್ಲಿಮೆಂಟಲ್ಲೇ ಹೇಳವ್ರೆ" ಅಂದಳಂತೆ. ಅಣ್ಣ ಬಾಯಿ ಮುಚ್ಚಿದ. ಊರೂ ಮುಚ್ಚಿತು.

ಆಗಿದ್ದು ಅಷ್ಟೇ. ತಿಂಗಳುಗಟ್ಟಲೆ ಒಂದು ಹುಲ್ಲುಕಡ್ಡಿ ಅಲ್ಲಾಡಲಿಲ್ಲ. ಮಿಲ್ಲಿನಲ್ಲಿ ಮಾತ್ರ ಉಮಾಶಂಕರನಿಗೆ 'ಪಾರ್ಲಿಮೆಂಟ್' ಎಂದು ಅಡ್ಡಹೆಸರು ಬಿತ್ತು. "ಏನೋ ಪಾರ್ಲಿಮೆಂಟು, ಟೀ ಕುಡಿದಾಯ್ತಾ?" ಎಂದು ಧನಂಜಯ ಕೇಳುತ್ತಿದ್ದರಂತೆ.

ಇವನನ್ನು ಎಂ.ಪಿ. ಎದುರು ನಿಲ್ಲಿಸಬೇಕು, ಎಲ್ಲರ ಮುಂದೆ ಪಾಸ್‌ಪೋರ್ಟು ಕೇಳಿಸಬೇಕು ಎಂದು ನಾನು ಹಟ ಹಿಡಿದೆ. ಆದರೆ ಕಾರ್ಯಕ್ರಮಕ್ಕೆ ಮಿಲ್ಲಿನ ಹುಡುಗರಿಗೆ ಪ್ರವೇಶವಿಲ್ಲ. 'ಫ್ಯಾಮಿಲಿಗಳಿಗೆ ಮಾತ್ರ' ಎಂಬ ನಿಯಮ. ಕೆಲಸದವರನ್ನು ದೂರ ಇಡಲು ನಮ್ಮ ಮರ್ಯಾದಸ್ಥರು ಕಂಡುಕೊಂಡ ಉಪಾಯ ಅದು. ಇನ್ನು ಊಟದ ಪ್ರಾಯೋಜಕರು ಯಾರು ಅಂದರೆ ಅದೇ ಕಂಬಿ ಮಿಲ್ಲು.

"ಬೇಡ ಕಣೇ, ಇದು ಬಳಗದ ಕೆಲ್ಸ ಅಲ್ಲ. ಧನಂಜಯ ನಾಳೆ ನಮ್ಮ ಮುಖ ನೋಡಲ್ಲ" ಎಂದರು ನನ್ನ ಗಂಡ ಲಕ್ಷ್ಮೀಶ. ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುವವರು, ಜಗಳ ಅಂದರೆ ಬೆವರುತ್ತಾರೆ.

"ನೋಡದಿದ್ರೆ ಬಿಡ್ಲಿ. ನನ್ನ ಮುಖ ನೋಡಿ ಅವ್ರಿಗೇನು ಆಗ್ಬೇಕಾಗಿದೆ?" ಅಂದೆ.

ಕಾರ್ಯದರ್ಶಿಗೆ ಒಂದು ಅಧಿಕಾರವಿದೆ: ಸನ್ಮಾನದ ಹರಿವಾಣ ಯಾರು ಹಿಡಿಯಬೇಕೆಂದು ತೀರ್ಮಾನಿಸುವುದು. ಉಮಾಶಂಕರನಿಗೆ ಲಕ್ಷ್ಮೀಶರ ಬಿಳಿ ಜುಬ್ಬಾ ತೊಡಿಸಿ, ಕಾರ್ಯಕ್ರಮವಿದ್ದ ಲಂಗಾಟಾ ರಸ್ತೆಯ ಸಭಾಂಗಣಕ್ಕೆ ಹಿಂಬಾಗಿಲಿನಿಂದ ಕರೆದುಕೊಂಡು ಹೋದೆ. "ಬಾಯಿ ಬಿಟ್ಟು ಕೇಳ್ಬೇಕು, ತಿಳೀತಾ? 'ನನ್ನ ಪಾಸ್‌ಪೋರ್ಟ್ ಕೊಡಿಸಿ ಸರ್' ಅಷ್ಟೇ" ಎಂದು ಹೇಳಿಕೊಟ್ಟೆ. ತಲೆಯಾಡಿಸಿದ.

ವೇದಿಕೆಯಲ್ಲಿ ಮೊದಲು ಪರದೆಯ ಮೇಲೆ ಅದೇ ವಿಡಿಯೊ ಹಾಕಿದರು. ತಿಮ್ಮರಾಜು ಕುರ್ಚಿಯಲ್ಲಿ ಹಿಂದಕ್ಕೊರಗಿ ತಮ್ಮನ್ನೇ ನೋಡಿಕೊಂಡರು. ಅವರ ತುಟಿ ಅಲ್ಲಾಡುತ್ತಿತ್ತು, ಒಂದೊಂದು ಮಾತೂ ಬಾಯಿಪಾಠ. 'ಕಣ್ಣೀರು' ಬರುವ ಜಾಗದಲ್ಲಿ ನಿಜವಾಗಿಯೂ ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಅಧ್ಯಕ್ಷ ಧನಂಜಯ ಕೈಕಟ್ಟಿಕೊಂಡು ಕೂತು, ಇನ್ಯಾವುದೋ ಗ್ರಹದ ಸುದ್ದಿ ಕೇಳುವವರಂತೆ "ಛೆ ಛೆ" ಅನ್ನುತ್ತಿದ್ದರು.

ಸನ್ಮಾನದ ಹೊತ್ತಿಗೆ ಉಮಾಶಂಕರ ಹರಿವಾಣ ಹಿಡಿದು ಬಂದ. ಅವನನ್ನು ನೋಡಿದ್ದೇ ಧನಂಜಯರ ಮುಖ ಬಿಳಿಚಿಕೊಂಡಿತು. ನಾನು ಮೈಕು ಹಿಡಿದು ಒಂದೇ ಉಸಿರಿಗೆ ಹೇಳಿಬಿಟ್ಟೆ: "ಸರ್, ನೀವು ಪಾರ್ಲಿಮೆಂಟಿನಲ್ಲಿ ಮಾತಾಡಿದ್ರಲ್ಲ, ಆ ಉಮಾಶಂಕರ ಇವನೇ. ಇವನ ಪಾಸ್‌ಪೋರ್ಟ್ ಇನ್ನೂ ಮಿಲ್ಲಿನ ಲಾಕರಲ್ಲಿದೆ. ಆ ಮಿಲ್ಲಿನ ಮ್ಯಾನೇಜರು ನಿಮ್ಮ ಪಕ್ಕದಲ್ಲೇ ಕೂತಿದ್ದಾರೆ."

ಲಕ್ಷ್ಮೀಶ ಮುಂದಿನ ಸಾಲಿನಲ್ಲಿ ತಲೆ ಬಗ್ಗಿಸಿದರು. ಗೆದ್ದೆ ಅಂದುಕೊಂಡೆ ನಾನು, ಪೆದ್ದಿ.

ತಿಮ್ಮರಾಜು ಒಂದು ಗಳಿಗೆ ಮಾತ್ರ ತಡವರಿಸಿದರು. ಆಮೇಲೆ ಆ ಮುಖದ ಮೇಲೆ ಒಂದು ನಗು ಹರಡಿತು ನೋಡಿ! ಎದ್ದು ಬಂದು ಉಮಾಶಂಕರನನ್ನು ಹರಿವಾಣ ಸಮೇತ ಅಪ್ಪಿಕೊಂಡರು. "ನಮ್ಮ ಹುಡ್ಗ ಕಣ್ರೀ ಇವ್ನು! ನಾನು ಪಾರ್ಲಿಮೆಂಟಲ್ಲಿ ಎತ್ತಿದ ಹುಡ್ಗ!" ಅವರ ಪಿ.ಎ. ಆಗಲೇ ಫೋನು ಎತ್ತಿ ಹಿಡಿದು ಫೇಸ್‌ಬುಕ್‌ನಲ್ಲಿ ನೇರ ಪ್ರಸಾರ ಶುರುಮಾಡಿದ್ದ.

"ಏನ್ ಧನಂಜಯ ಅವ್ರೇ, ಈ ಯಮ್ಮ ಹೇಳಿದ್ದು ಹೌದಾ?" ಎಂದು ತಿಮ್ಮರಾಜು ಗುಡುಗಿದರು.

ಧನಂಜಯ ಅಷ್ಟರಲ್ಲಿ ಸುಧಾರಿಸಿಕೊಂಡಿದ್ದರು. "ಸರ್, ಸೇಫ್ ಕಸ್ಟಡಿಯಲ್ಲಿದೆ ಅಷ್ಟೇ. ಅವನದೇ ಪಾಸ್‌ಪೋರ್ಟ್. ಯಾವಾಗ ಕೇಳಿದ್ರೂ ಕೊಡ್ತೀವಿ."

"ಕೇಳಿದ್ರಾ ಎಲ್ರೂ? ಯಾವಾಗ ಕೇಳಿದ್ರೂ ಕೊಡ್ತಾರಂತೆ! ದೆಹಲಿಯಲ್ಲಿ ಎತ್ತಿದ ಸಮಸ್ಯೆ ನೈರೋಬಿಯಲ್ಲಿ ಇತ್ಯರ್ಥ ಆಯ್ತು. ಹೊಡೀರಿ ಚಪ್ಪಾಳೆ!"

ಹೊಡೆದರು. ಇಡೀ ಸಭೆ ಹೊಡೆಯಿತು, ನಾಚಿಕೆ ಇಲ್ಲದೆ. ತಿಮ್ಮರಾಜು ಹರಿವಾಣದಲ್ಲಿದ್ದ ಪೇಟವನ್ನು ತೆಗೆದು ಉಮಾಶಂಕರನ ತಲೆಗೇ ಇಟ್ಟರು. ಶಾಲನ್ನು ಧನಂಜಯರ ಹೆಗಲಿಗೆ ಹೊದಿಸಿದರು, "ನಮ್ಮ ಹುಡುಗ್ರನ್ನ ಚೆನ್ನಾಗಿ ನೋಡ್ಕೊಂಡಿದ್ದೀರಿ" ಎಂದು. ಇಬ್ಬರ ನಡುವೆ ನಿಂತು ಇಬ್ಬರ ಕೈಯನ್ನೂ ಮೇಲಕ್ಕೆತ್ತಿದರು. "ಏನಪ್ಪಾ ಉಮಾಶಂಕರ, ಸಂತೋಷನಾ?"

ನಾನು ಕಣ್ಣಲ್ಲೇ ಅವನಿಗೆ ಹೇಳಿದೆ, ಕೇಳೋ, ಈಗಲೇ ಕೇಳೋ ಎಂದು. ಅವನು ಎಡಕ್ಕೆ ಧನಂಜಯರನ್ನು ನೋಡಿದ. ಎದುರಿಗೆ ಆ ಫೋನು.

"ಸಂತೋಷ ಸಾರ್" ಅಂದ.

ಊಟಕ್ಕೆ ಕೂತಾಗ ನಾನು ಸುಮ್ಮನಿರದೆ ತಿಮ್ಮರಾಜು ಬಳಿ ಹೋದೆ. ಊಟ ಸೇರದ ಮನುಷ್ಯ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. "ಸರ್, ನಾಳೆ ನೀವೇ ಮಿಲ್ಲಿಗೆ ಬಂದು ಕೈಯಾರೆ ಕೊಡಿಸಿ. ಇಲ್ಲಾಂದ್ರೆ ಇವ್ರು ಕೊಡಲ್ಲ" ಅಂದೆ.

"ನಾಳೆ ಮಾರಾ ಅಲ್ವೇನಮ್ಮಾ, ಬೆಳಿಗ್ಗೆ ಬೇಗ ಹೊರಡ್ಬೇಕು. ಯೋಚ್ನೆ ಮಾಡ್ಬೇಡ, ಕೊಡ್ದಿದ್ರೆ ಹೇಳು. ಮುಂದಿನ ಅಧಿವೇಶನದಲ್ಲಿ ಇನ್ನೊಂದ್ಸಲ ಎತ್ತೋಣ" ಎಂದು ಬೆರಳು ನೆಕ್ಕಿಕೊಂಡರು.

ಧನಂಜಯ ನನ್ನ ಕಡೆ ನೋಡದೆಯೇ ಅಂದರು: "ಬದಲಿ ಆಳು ಬರ್ಲಿ ಮೈಥಿಲಿ, ಕೊಡೋಣ. ಐ ಗೇವ್ ಮೈ ವರ್ಡ್, ನೋ?"

ಬಡಿಸಲು ನಮ್ಮ ಮನೆಗೆಲಸದ ಸೆಲಿನ್ ಬಂದಿದ್ದಳು. ಇಲ್ಲಿಯವಳು, ಕನ್ನಡ ತಿಳಿಯದಿದ್ದರೂ ಎಲ್ಲ ಗೊತ್ತಾಗಿತ್ತು ಅವಳಿಗೆ. ಅವರ ಊರಿನ ಎಂ.ಪಿ.ಯನ್ನೂ ಅವರು ಹೀಗೇ ಸ್ವಾಹಿಲಿಯಲ್ಲಿ 'ಮ್ಹೆಶಿಮಿವಾ', ಅಂದರೆ ಮಾನ್ಯರು, ಅನ್ನುತ್ತಾರಂತೆ. ಅವನೂ ಕೊಳವೆಬಾವಿ ಕೇಳಿದವರ ಜೊತೆ ಫೋಟೊ ತೆಗೆಸಿಕೊಂಡು ಹೋದನಂತೆ. ಹೇಳಿ ಸಣ್ಣಗೆ ನಕ್ಕಳು. ನನಗೆ ನಗು ಬರಲಿಲ್ಲ.

ಉಮಾಶಂಕರ ಊಟಕ್ಕೆ ಕೂತಿರಲಿಲ್ಲ. ಹುಡುಕಿಕೊಂಡು ಹೋದರೆ, ಕಾರು ನಿಲ್ಲಿಸುವ ಕಡೆ ಗೋಡೆಗೆ ಒರಗಿ ನಿಂತಿದ್ದ. ಪೇಟವನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಫೋನು ಸ್ಪೀಕರಿನಲ್ಲಿತ್ತು, ಆ ಕಡೆ ಹೇಮಾವತಿ.

"ನೋಡ್ದೆ ಬಿಡಿ" ಅಂದಳು. "ನಮ್ಮಣ್ಣನ ಫೋನಿಗೇ ಬಂತು. ರಾಜನಂಗೆ ಪೇಟ ಹಾಕ್ಕಂಡು ನಿಂತಿದ್ರಿ. ಸಂತೋಷ ಅಂತ ಬ್ಯಾರೆ ಅಂದ್ರಿ."

"ಹೇಮಾ, ಅದು ಹಂಗಲ್ಲ ಕಣೆ..."

"ಆ ಸಾಹೇಬ್ರು ಹೇಳ್ಲಿಲ್ವಾ, ಯಾವಾಗ ಕೇಳಿದ್ರೂ ಕೊಡ್ತೀವಿ ಅಂತ? ಹಂಗಾದ್ರೆ ನೀವೇ ಕೇಳಿಲ್ಲ ಅಂತಾಯ್ತಲ್ಲ. ಮಗೀನ ಎತ್ಕಂಡು ಬಿಸ್ಲಲ್ಲಿ ಆ ಎಂ.ಪಿ. ಬಾಗ್ಲು ಕಾಯ್ದಿದ್ದು ಯಾತಕ್ರೀ ನಾನು?"

ಉಮಾಶಂಕರ ಕಂಕುಳಿನ ಪೇಟವನ್ನು ಪಕ್ಕದ ಕಾರಿನ ಮೇಲಿಟ್ಟ. ಕೇಳಿದ್ದೇನೆ, ನೂರು ಸಲ ಕೇಳಿದ್ದೇನೆ ಎಂದು ಹೇಳಬಾರದೇ? ಹೇಳಲಾರ. ಇಡೀ ಊರು ನೋಡಿದ ವಿಡಿಯೊದ ಎದುರು ಅವನ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ತಡೆಯಲಾಗಲಿಲ್ಲ. ಅವನ ಕೈಯಿಂದ ಫೋನು ಕಿತ್ತುಕೊಂಡೆ.

"ಹೇಮಾವತಿ, ಎಲ್ಲಾ ಸುಳ್ಳು ಕಣಮ್ಮಾ ಅದು! ಉಮಾ ಎಷ್ಟು ಒದ್ದಾಡ್ತಿದ್ದಾನೆ ಅಂತ ನಂಗೊತ್ತು. ವಾರವಾರ ನನ್ನ ಹತ್ರ ಕೂತು ಅಳ್ತಾನೆ..."

ಆ ಕಡೆ ಮಗು ಏನೋ ಗುನುಗುವುದು ಕೇಳಿಸಿತು. ಆಮೇಲೆ ಒಂದು ಗಂಡಸಿನ ದನಿ, ಅವಳ ಅಣ್ಣನದೇ, ಹತ್ತಿರದಿಂದ, ಗೆದ್ದ ದನಿ.

"ಕೇಳ್ದೇನಮ್ಮಾ ಹೆಂಗಸಿನ ಗಂಟ್ಲು? ನಾನೇನ್ ಹೇಳಿದ್ದೆ ನಿಂಗೆ?"

ಫೋನು ಕಟ್ಟಾಯಿತು.

ಉಮಾಶಂಕರ ನನ್ನ ಕೈಯಿಂದ ಫೋನು ತೆಗೆದುಕೊಂಡು ಮತ್ತೆ ಮಾಡಿದ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಈ ಸಲ ರಿಂಗೇ ಆಗಲಿಲ್ಲ. ನಾನು ಏನೋ ಹೇಳಲು ಹೋದೆ.

"ನೀವು ಒಳಕ್ಕೋಗಿ ಅಕ್ಕ" ಅಂದ, ನನ್ನ ಮುಖ ನೋಡದೆ. "ನನ್ ಪಕ್ಕದಲ್ಲಿ ನಿಂತ್ಕೋಬೇಡಿ."